ಬೆಟ್ಟವೂ ಸಾಕ್ಷಿ, ಹೊಳೆಯೂ ಸಾಕ್ಷಿ

ಧಾರವಾಡದ ಓದುಗರೊಬ್ಬರ ಪತ್ರ: ‘ಹಿಟ್ಟೈಟರ ಒಪ್ಪಂದವೊಂದರಲ್ಲಿ ನಮ್ಮ ಇಂದ್ರ, ವರುಣರ ಹೆಸರಿದೆಯಂತೆ. ಆ ಜನ ಬೆಟ್ಟ, ಹೊಳೆಗಳನ್ನೂ ಪೂಜಿಸುತ್ತಿದ್ದರಂತೆ. ಇದು ಬರೀ ಪ್ರಕೃತಿ ಪೂಜೆಯಲ್ಲವೇ? ಅವರಿಗೆ ಗುಡಿಗಳೇ ಇರಲಿಲ್ಲವೇ?’

ಮಾನ್ಯರೇ,

ಇಂದ್ರ–ವರುಣರ ವಿಷಯ ಮೊದಲು ಮುಗಿಸೋಣ. ಒಪ್ಪಂದ ಕ್ರಿ.ಪೂ. 14ನೇ ಶತಮಾನದ್ದು. ಈಗಿನ ತುರ್ಕಿಯಲ್ಲಿ ಆಳಿದ ಹಿಟ್ಟೈಟರ ದೊರೆ ಮೊದಲನೇ ಸುಪ್ಪಿಲುಲಿಯುಮನಿಗೂ ನೆರೆಯ ರಾಜ್ಯ ಮಿತನ್ನಿಯ ಶತ್ತಿವಾಜನಿಗೂ ಆದದ್ದು. ಮಿತ್ರ, ವರುಣ, ಇಂದ್ರ, ನಾಸತ್ಯರು (ಅಶ್ವಿನಿ ದೇವತೆಗಳು) ಅಲ್ಲಿ ಮಿತನ್ನಿಯ ಕಡೆಯ ದೇವರುಗಳು, ಹಿಟ್ಟೈಟರವರಲ್ಲ. ನಮ್ಮವರ ಕಣ್ಣು ಈ ನಾಲ್ಕು ಹೆಸರು ಬಿಟ್ಟು ಕದಲುವುದಿಲ್ಲ. ಹಿಟ್ಟೈಟರ ಒಪ್ಪಂದಗಳನ್ನು ಪೂರ್ತಿ ಓದಿದರೆ ಬೆಟ್ಟ, ನದಿ, ಊಟೆ, ಮಹಾಸಮುದ್ರ, ಗಾಳಿ, ಮೋಡಗಳೂ ದೇವರುಗಳ ಸಾಲಿನಲ್ಲೇ ಸಾಕ್ಷಿಗೆ ನಿಂತಿರುತ್ತವೆ. ಆಣೆ ಮುರಿದವನನ್ನು ಅವೂ ಬಿಡುವುದಿಲ್ಲ ಎಂಬ ನಂಬಿಕೆ.

ಆದ್ದರಿಂದಲೇ ‘ಪ್ರಕೃತಿ ಪೂಜೆ’ ಎಂದು ಷರಾ ಬರೆದು ಮುಗಿಸಲು ನನಗೆ ಮನಸ್ಸಿಲ್ಲ. ಹೊಳೆಯ ಜೊತೆ ಅವರಿಗಿದ್ದದ್ದು ಕೊಡು–ಕೊಳ್ಳುವ ಋಣ. ಸುಪ್ಪಿಲುಲಿಯುಮನ ಮಗ, ದೊರೆ ಎರಡನೇ ಮುರ್ಸಿಲಿಯ ಪ್ರಾರ್ಥನೆ ನೋಡಿ. ನಾಡಿನಲ್ಲಿ 20 ವರ್ಷದಿಂದ ಸಾಂಕ್ರಾಮಿಕ ರೋಗ, ಸಾವಿಗೆ ಕೊನೆಯಿಲ್ಲ. ಕಾರಣ ಹುಡುಕಹೊರಟ ದೊರೆಗೆ ಎರಡು ಹಳೆಯ ಮಣ್ಣಿನ ಫಲಕಗಳು ಸಿಕ್ಕವು. ಒಂದರಲ್ಲಿ ಈಜಿಪ್ಟಿನ ಜೊತೆ ಮಾಡಿ ಮುರಿದ ಆಣೆಯ ಕಥೆ. ಇನ್ನೊಂದರಲ್ಲಿ ಮಾಲಾ ನದಿಗೆ, ಅಂದರೆ ಯೂಫ್ರೆಟಿಸ್‌ಗೆ, ಸಲ್ಲಬೇಕಾದ ಪೂಜೆಯ ವಿಧಿ. ತಂದೆಯ ಕಾಲದಿಂದ ಅದು ನಿಂತೇಹೋಗಿತ್ತು. ಶಕುನ ಕೇಳಿಸಿದ, ಎರಡೂ ಕಾರಣ ಹೌದೆಂದು ಬಂತು. ‘ನದಿಯ ಕಡೆಗೇ ಹೊರಟಿದ್ದೇನೆ, ಕ್ಷಮಿಸಿ’ ಎಂದು ಆತ ದೇವರುಗಳನ್ನು ಬೇಡಿಕೊಳ್ಳುತ್ತಾನೆ. ಮುರಿದ ಆಣೆ, ತಪ್ಪಿದ ಹೊಳೆಪೂಜೆ ಎರಡಕ್ಕೂ ಒಂದೇ ತೂಕ!

ಕಣ್ಣಾರೆ ನೋಡುವಂಥದ್ದೂ ಇದೆ. ತುರ್ಕಿಯ ಕೊನ್ಯಾ ಪ್ರಾಂತದಲ್ಲಿ, ಬೆಯ್‌ಶೆಹಿರ್ ಸರೋವರದ ಹತ್ತಿರ, ಎಫ್ಲಾತೂನ್ ಪಿನಾರ್ ಎಂಬ ಊಟೆ. ನೀರಂಚಿನಲ್ಲಿ ದೊಡ್ಡ ಕಲ್ಲುಗಳನ್ನು ಜೋಡಿಸಿ ಎಬ್ಬಿಸಿದ ಗೋಡೆ, ತಳದ ಸಾಲಿನಲ್ಲಿ ಬೆಟ್ಟದೇವರುಗಳು. ಕೆಲವರ ಲಂಗದಲ್ಲಿ ತೂತು ಕೊರೆದಿದ್ದಾರೆ, ನೀರು ದೇವರ ಮೈಯಿಂದಲೇ ಹರಿದು ಕೊಳಕ್ಕೆ ಬೀಳಲೆಂದು. ಹಾಗೆಂದು ಬೆಟ್ಟವೇ ಎಲ್ಲರಿಗಿಂತ ದೊಡ್ಡದು ಅಂದುಕೊಳ್ಳಬೇಡಿ. ಹಿಟ್ಟೈಟರ ರಾಜಧಾನಿಯ ಬಳಿಯ ಪೂಜಾಸ್ಥಳ ಯಾಜಿಲಿಕಾಯಾದ ಬಂಡೆಯಲ್ಲಿ ಗುಡುಗು–ಮಳೆಯ ದೇವರು ತೆಶುಬ್ ನಿಂತಿರುವುದು ಇಬ್ಬರು ಬೆಟ್ಟದೇವರುಗಳ ಬಗ್ಗಿದ ಕತ್ತಿನ ಮೇಲೆ.

ಗುಡಿಗಳು ಇದ್ದವು. ರಾಜಧಾನಿ ಹತ್ತುಶದಲ್ಲೇ ಉತ್ಖನನದಲ್ಲಿ 30ರ ಆಚೆ ಸಿಕ್ಕಿವೆ. ಊರಿಂದ ಸುಮಾರು ಎರಡು ಕಿ.ಮೀ. ದೂರದ ಆ ಯಾಜಿಲಿಕಾಯಾದಲ್ಲಿ ಮಾತ್ರ ಬಂಡೆಗಳ ಮುಂಭಾಗದಲ್ಲಿ ಕಟ್ಟಡ ಎಬ್ಬಿಸಿದರೂ, ದೇವರುಗಳನ್ನು ಕಡೆದ ಬಂಡೆಗಳ ನಡುವಣ ಜಾಗಕ್ಕೆ ಸೂರು ಹಾಕಲಿಲ್ಲ. ಅದಕ್ಕೆ ಈಗಿನ ರೂಪ ಕೊಟ್ಟವನು ದೊರೆ ನಾಲ್ಕನೇ ತುದಾಲಿಯ ಎನ್ನುತ್ತಾರೆ. ತುದಾಲಿಯ ಎಂಬುದೂ ಒಂದು ಪವಿತ್ರ ಬೆಟ್ಟದ ಹೆಸರೇ.

– ಸಂ.