ಮಳೆಗಾಲದಲ್ಲಿ ಗಿರಾಕಿಗಳು ಕೈಬಿಟ್ಟರೆ

ಮಡಿಕೇರಿಯಲ್ಲಿ ಡಿಜಿಟಲ್ ಪ್ರಚಾರದ ಕೆಲಸ ಶುರು ಮಾಡಿದ್ದೀರಿ, ಜೂನ್ ಬಂದ ಕೂಡಲೇ ಗಿರಾಕಿಗಳು ಬಿಡುತ್ತಾರೆ ಅಂದಿರಿ. ಎಲ್ಲರೂ ಹೋಮ್‌ಸ್ಟೇಯವರು, ಲೆಕ್ಕ ತಿಂಗಳಿಗಿಷ್ಟು ಪೋಸ್ಟ್ ಅಂತ. ಮಳೆಯಲ್ಲಿ ಪ್ರವಾಸಿಗರು ಕಡಿಮೆಯಾದರೆ ಪೋಸ್ಟ್ ಯಾಕೆ ಅನ್ನಿಸುತ್ತದೆ, ಬಹುಶಃ ಅದೇ ಕಾರಣ. ನಿಮ್ಮ ಪೋಸ್ಟ್‌ಗಳನ್ನು ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ಒಪ್ಪಂದವನ್ನು ವರ್ಷದ ಲೆಕ್ಕಕ್ಕೆ ಬದಲಿಸಿ. ಮಳೆಯಲ್ಲಿ ಏನು ಕೆಲಸ ಅಂತ ಕೇಳುತ್ತಾರೆ. ಆಗಲೇ ಅಲ್ವಾ ಕೆಲಸ ಜಾಸ್ತಿ? 2018ರ ಆಗಸ್ಟ್ ಭೂಕುಸಿತದ ಮೇಲೆ, ಜೋರು ಮಳೆ ಅಂದರೆ ಸಾಕು, ಬರುವವರು ಮೊದಲು ಕೇಳುವುದು ರಸ್ತೆಯ ಬಗ್ಗೆ. ಜಿಲ್ಲಾಡಳಿತದ ಪ್ರಕಟಣೆ ನೋಡಿ ಹೋಮ್‌ಸ್ಟೇಯ ಗೂಗಲ್ ಪ್ರೊಫೈಲ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿ. ರಸ್ತೆ ಮುಚ್ಚಿದ್ದರೆ ಮುಚ್ಚಿದೆ ಅಂತಲೇ ಬರೆಯಿರಿ. ಸುಮ್ನೆ ಹಳೇ ಬಿಸಿಲಿನ ರೀಲ್ ಹಾಕಿ ಕರೆಸಿಕೊಂಡರೆ ಬಂದವರು ಮತ್ತೆ ಬರುವುದಿಲ್ಲ.

ಆಮೇಲೆ ಸ್ವಂತ ಕಾಫಿ ಪುಡಿ ಮಾರುವ ಒಂದಿಬ್ಬರು ಬೆಳೆಗಾರರನ್ನು ಹಿಡಿಯಿರಿ. ಪುಡಿ ಮಳೆಗಾಲದಲ್ಲೂ ಹೋಗುತ್ತದೆ. ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ, ಅಂದರೆ ಇದು ಈ ಪ್ರದೇಶದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಆದರೆ ಅವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿದ್ದಾರಾ ಅಂತ ಕೇಳದೆ ಜಿಐ ಗುರುತು ಹಾಕಬೇಡಿ.

ಉದ್ಯಮ್ ನೋಂದಣಿಯನ್ನೂ, ಅಂದರೆ ಸಣ್ಣ ಉದ್ಯಮಗಳಿಗಿರುವ ಸರ್ಕಾರಿ ನೋಂದಣಿಯನ್ನೂ, ಮಾಡಿಕೊಳ್ಳಿ. ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ದುಡ್ಡು ಕೇಳಿದರೆ ಅದು ಬೇರೆ ಯಾವುದೋ ಸೈಟ್. ನೋಂದಣಿ ಇದ್ದರೆ ಬಿಲ್ ಹಣ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು ಅನ್ನುವ ಕಾನೂನು ನಿಮ್ಮ ಪರ ಇರುತ್ತದೆ. ಒಪ್ಪಂದದಲ್ಲೇ ಆ ಗಡುವು ಬರೆಸಿ.