7.1 ಅಥವಾ 5.1.2: ಗೋಡೆಗೆ ತಾಗಿದ ಸೋಫಾ ಇರುವ ಕೋಣೆಗೆ

ನಮಸ್ಕಾರ. ಸೋಫಾ ಹಿಂದಿನ ಗೋಡೆಗೆ ತಾಗಿಕೊಂಡಿರುವ ಕೋಣೆಗೆ ಹೋಮ್ ಥಿಯೇಟರ್ ಸ್ಪೀಕರ್ ಜೋಡಣೆಗಳಲ್ಲಿ 7.1 ಸರಿಯೋ 5.1.2 ಸರಿಯೋ ಎಂದು ಕೇಳಿದ್ದೀರಿ. ಮೊದಲ ಅಂಕಿ ಕಿವಿಯ ಮಟ್ಟದ ಸ್ಪೀಕರ್‌ಗಳನ್ನೂ, ಎರಡನೆಯದು ಗಡಸು ತಗ್ಗುದನಿಗಳಿಗೆಂದೇ ಇರುವ ಸ್ಪೀಕರ್ ಆದ ಸಬ್‌ವೂಫರನ್ನೂ, ಮೂರನೆಯದು ತಲೆಯ ಮೇಲಿನ ಸ್ಪೀಕರ್‌ಗಳನ್ನೂ ಸೂಚಿಸುವುದರಿಂದ ಎರಡರಲ್ಲಿಯೂ ಒಟ್ಟು ಸಂಖ್ಯೆ ಒಂದೇ. 7.1ರ ಹೆಚ್ಚುವರಿ ಜೋಡಿಯು ಕೇಳುಗರ ಬೆನ್ನ ಹಿಂದೆ, ನೇರ ಮುಂದಿನ ದಿಕ್ಕಿನಿಂದ 135ರಿಂದ 150 ಡಿಗ್ರಿ ಕೋನದಲ್ಲಿ ಇರಬೇಕು; ಹಿಂದೆ ಗೇಣು ಜಾಗವೂ ಇಲ್ಲದ ಕಡೆ ಅದು ತಲೆಗೇ ಅಂಟಿಕೊಂಡಂತಾಗಿ, ದೂರದಿಂದ ಬರಬೇಕಾದ ಹೆಜ್ಜೆಸಪ್ಪಳ ಕಿವಿಯ ಪಕ್ಕದಲ್ಲೇ ಕೇಳಿಸೀತು. ಹಾಗಾಗಿ ನನ್ನ ಮತ 5.1.2ಕ್ಕೆ. ಆದರೆ ಚಾವಣಿಗೆ ರಂಧ್ರ ಕೊರೆಯುವ ಮುನ್ನ ನಿಮ್ಮ ರಿಸೀವರ್ (ಸ್ಪೀಕರ್‌ಗಳಿಗೆ ಧ್ವನಿ ಹಂಚುವ ಸಾಧನ), ಮೇಲಿನಿಂದ ಬರುವ ಸದ್ದನ್ನೂ ಒಳಗೊಳ್ಳುವ ಧ್ವನಿ ವಿಧಾನಗಳಾದ ಡಾಲ್ಬಿ ಅಟ್ಮಾಸ್ ಅಥವಾ ಡಿಟಿಎಸ್ ಎಕ್ಸ್ ಅನ್ನು ಬೆಂಬಲಿಸುತ್ತದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಚಿತ್ರದಲ್ಲಿ ಮೇಲಿನಿಂದ ಬರುವಂತೆ ಅಳವಡಿಸಿದ ಮಳೆಯ ಸದ್ದು ತಲೆಯ ಮೇಲಿನ ಜೋಡಿಯನ್ನು ತಲುಪುವುದೇ ಇಲ್ಲ.