ಪ್ರತಿಕ್ರಿಯೆ: ಮನೆಯಲ್ಲಿ ಕಲಿತ ಮಕ್ಕಳು ಜನರೊಡನೆ ಬೆರೆಯುವುದಿಲ್ಲವೇ?

ನಮಸ್ಕಾರ. ಒಂಬತ್ತು ವರ್ಷದ ಮಗಳಿಗೆ ಮನೆಯಲ್ಲೇ ಕಲಿಸುತ್ತಿದ್ದೀರಿ. ‘ಇವಳು ಯಾರೊಡನೆಯೂ ಬೆರೆಯಲಾರಳು, ಹತ್ತನೆಯ ತರಗತಿಯ ಪರೀಕ್ಷೆಗೂ ಕೂರಲಾರಳು’ ಎಂಬ ನೆಂಟರ ಮಾತು ನಿಜವೇ ಎಂದು ಕೇಳಿದ್ದೀರಿ.

ಪರೀಕ್ಷೆಯ ಬಗ್ಗೆ ಭಯ ಬೇಡ. ಶಾಲೆಗೆ ಹೋಗದವರಿಗೂ ಪರೀಕ್ಷೆ ನಡೆಸುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ತರಗತಿಗೆ 14 ವರ್ಷ ತುಂಬಿದವರು ಸೇರಬಹುದು. ಐದು ವಿಷಯಗಳಲ್ಲಿ ತೇರ್ಗಡೆಯಾದರೆ ಸಾಕು, ಎಲ್ಲವನ್ನೂ ಒಂದೇ ಸಲ ಬರೆಯಬೇಕಿಲ್ಲ. ಮನೆಯಲ್ಲೇ ಕಲಿತ ನನ್ನ ಮಗ ಕನ್ನಡವನ್ನು ಮೊದಲು ಮುಗಿಸಿ, ಗಣಿತಕ್ಕೆ ನಿಧಾನವಾಗಿ ತಯಾರಾದ.

ಬೆರೆಯುವ ವಿಷಯಕ್ಕೆ ಬರೋಣ. ನನ್ನ ಮಗ ಬಡಗಿಯ ಬಳಿ, ಗ್ರಂಥಾಲಯದವರ ಬಳಿ, ಅಜ್ಜಿಯ ಗೆಳತಿಯರ ಬಳಿ ಸಂಕೋಚವಿಲ್ಲದೆ ಮಾತನಾಡುತ್ತಾನೆ. ಆದರೆ ಸಮವಯಸ್ಕರ ಗೆಳೆತನ ತಾನಾಗಿ ಒದಗಿ ಬರುವುದಿಲ್ಲ. ಅದನ್ನು ನಾವೇ ಕಟ್ಟಿಕೊಡಬೇಕು. ಸಂಜೆಯ ಕ್ರಿಕೆಟ್, ಯಕ್ಷಗಾನ ತರಗತಿ, ಬೇಸಿಗೆ ಶಿಬಿರ ಇಲ್ಲದಿದ್ದರೆ ಅವನು ಖಂಡಿತ ಒಂಟಿಯಾಗುತ್ತಿದ್ದ. ಇಷ್ಟರ ಮಟ್ಟಿಗೆ ನಿಮ್ಮ ನೆಂಟರ ಆತಂಕದಲ್ಲಿ ಹುರುಳಿದೆ.

ನನ್ನನ್ನು ಹೆಚ್ಚು ನೋಯಿಸಿದ್ದು ಮದುವೆಮನೆಗಳಲ್ಲಿ ನಡೆಯುವ ತಪಾಸಣೆ. ಶಾಲೆಗೆ ಹೋಗುವ ಮಕ್ಕಳನ್ನು ‘ಊಟ ಆಯಿತೇ?’ ಎಂದು ಕೇಳುವವರು ಇವನಿಗೆ ಹದಿಮೂರರ ಮಗ್ಗಿ ಹೇಳಿಸುತ್ತಾರೆ! ಮನೆಯಲ್ಲಿ ಕಲಿಯುವ ಮಗು ದಡ್ಡನಿರಬೇಕು, ಇಲ್ಲವೇ ಪುಟ್ಟ ಪಂಡಿತನಿರಬೇಕು ಎಂಬ ಎಣಿಕೆ ಅವರದು. ಸಾಮಾನ್ಯ ಮಗುವಾಗಿರುವ ಹಕ್ಕು ಈ ಮಕ್ಕಳಿಗಿಲ್ಲವೇ? ನಿಮ್ಮ ಮಗಳಿಗೂ ಹಾಗೆ ಆದಾಗ, ದಯವಿಟ್ಟು ಅವಳ ಪರ ನಿಂತು ‘ಇಲ್ಲಿ ಪರೀಕ್ಷೆ ಬೇಡ’ ಎಂದು ಮೆಲ್ಲಗೆ ಹೇಳಿಬಿಡಿ.